ಮುಖವಾಡದ ದಂಗೆಕೋರ

ಹೋದ ವರ್ಷ ನನ್ನ ಬಿ.ಎ. ತರಗತಿಯ ವಿದ್ಯಾರ್ಥಿಗಳಿಗೆ ದುರಂತ ನಾಯಕನ ಸ್ವರೂಪವನ್ನು ಕುರಿತು ಒಂದು ಪ್ರಬಂಧವನ್ನು ಬರೆದು ತರಲು ಹೇಳಿದ್ದೆ. ಬಂದ ನಲವತ್ತು ಚಿಲ್ಲರೆ ಪ್ರಬಂಧಗಳಲ್ಲಿ ಮುಕ್ಕಾಲು ಪಾಲು ಮ್ಯಾಕ್‌ಬೆತ್‌ನ ವಶವಾಗಿದ್ದವು. ಉಳಿದವನ್ನು ಕರ್ಣ ದುರ್ಯೋಧನರು ಹಂಚಿಕೊಂಡಿದ್ದರು. ಒಂದು ಮಾತ್ರ ನಾನು ಹೆಸರನ್ನೇ ಕೇಳಿರದ ಒಬ್ಬ ವೀರನನ್ನು ಕುರಿತದ್ದು. ಅವನ ಹೆಸರು ಲೆಲೂಶ್. ಜಪಾನಿನವರು ತೆಗೆದ ಅನಿಮೆ ಸರಣಿಯೊಂದರಲ್ಲಿ, ಎಂದರೆ ಬರೆದ ಚಿತ್ರಗಳಿಗೆ ಚಲನೆ ಕೊಟ್ಟು ಹೇಳಿದ ಕಥೆಯೊಂದರಲ್ಲಿ, ಅವನು ನಾಯಕ. ಹದಿನೇಳು ವರ್ಷದ ಹುಡುಗ, ಶಾಲೆಗೆ ಹೋಗುತ್ತಾನೆ, ಉಳಿದ ಹೊತ್ತಿನಲ್ಲಿ ಮುಖವಾಡ ತೊಟ್ಟು ಒಂದು ಸಾಮ್ರಾಜ್ಯದ ಮೇಲೆ ದಂಗೆ ನಡೆಸುತ್ತಾನೆ. ಯಂತ್ರಗಳ ಕಾಳಗವನ್ನು ತಂದು ಶೇಕ್ಸ್‌ಪಿಯರನ ಪಕ್ಕದಲ್ಲಿ ಕೂರಿಸಿದ ಧೈರ್ಯ ನನಗೆ ಹಿಡಿಸಲಿಲ್ಲ. ಅಂಚಿನಲ್ಲಿ ಕೆಂಪು ಶಾಯಿಯಿಂದ ‘ವಿಷಯಾಂತರ’ ಎಂದು ಗೀಚಿ, ಇಪ್ಪತ್ತಕ್ಕೆ ಆರು ಅಂಕ ಕೊಟ್ಟು ಕೈತೊಳೆದುಕೊಂಡೆ.

ಬರೆದ ಹುಡುಗಿ ಜಗಳಕ್ಕೆ ಬರಲಿಲ್ಲ. ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು, “ಒಂದು ಸಲ ನೀವೇ ನೋಡಿ ಸಾರ್. ನೋಡಿದ ಮೇಲೂ ಆರೇ ಅನ್ನಿಸಿದರೆ ಆರೇ ಇರಲಿ” ಎಂದಳು. (ಆ ನಾಯಕನ ಮುಖವಾಡದ ಹೆಸರು ‘ಝೀರೋ’ ಎಂದು ಆಮೇಲೆ ತಿಳಿಯಿತು. ನಾನು ಸೊನ್ನೆಯನ್ನೇ ಕೊಟ್ಟಿದ್ದರೆ ಅವಳಿಗೆ ಹೆಚ್ಚು ಸಂತೋಷವಾಗುತ್ತಿತ್ತೋ ಏನೋ.) ಮೇಷ್ಟರ ವೃತ್ತಿಯಲ್ಲಿ ಇಂಥ ಮಾತನ್ನು ಕೇಳಿಯೂ ಕೇಳದಂತೆ ಇದ್ದುಬಿಡುವುದು ಸುಲಭ. ಆದರೆ ಓದದ ಪುಸ್ತಕದ ಮೇಲೆ ತೀರ್ಪು ಕೊಡಬಾರದೆಂದು ವರ್ಷ ವರ್ಷವೂ ಮಕ್ಕಳಿಗೆ ಹೇಳಿಕೊಂಡು ಬಂದವನು ನಾನೇ. ರಜೆಯಲ್ಲಿ ನೋಡಲು ಕುಳಿತೆ. ಐವತ್ತು ಕಂತುಗಳು, ಒಟ್ಟು ಇಪ್ಪತ್ತು ಗಂಟೆಗಳ ಕೆಲಸ. ಹನ್ನೆರಡು ರಾತ್ರಿಗಳಲ್ಲಿ ಮುಗಿಯಿತು. ಕೊನೆಯ ಮೂರು ರಾತ್ರಿ ಮನೆಯವರು ಮಲಗಿದ ಮೇಲೂ ದೀಪ ಆರಿರಲಿಲ್ಲ.

ಸರಣಿಯ ಹೆಸರು ‘ಕೋಡ್ ಗಿಯಸ್’. ಅದರ ಜೊತೆಗಿರುವ ಜಪಾನೀ ಉಪಶೀರ್ಷಿಕೆಗೆ ‘ದಂಗೆಯ ಲೆಲೂಶ್’ ಎಂದು ಅರ್ಥ. ಸನ್‌ರೈಸ್ ಎಂಬ ಚಿತ್ರಸಂಸ್ಥೆ ಇದನ್ನು ನಿರ್ಮಿಸಿತು; ನಿರ್ದೇಶಕ ಗೊರೊ ತಾನಿಗುಚಿ, ಕಥೆಗಾರ ಇಚಿರೊ ಓಕೋಚಿ. ಪಾತ್ರಗಳ ಮೂಲರೂಪಗಳನ್ನು ಬರೆದವರು ‘ಕ್ಲ್ಯಾಂಪ್’ ಎಂಬ ಹೆಸರಿನಲ್ಲಿ ಒಟ್ಟಾಗಿ ಕೆಲಸ ಮಾಡುವ ನಾಲ್ವರು ಚಿತ್ರಗಾರ್ತಿಯರು. ಅಳತೆ ಮೀರಿ ನೀಳವಾದ ಕೈಕಾಲುಗಳು, ಗಾಳಿಗೆ ಹಾರುವ ನಿಲುವಂಗಿ, ಇಡೀ ಮುಖವನ್ನು ಆಳುವ ಕಣ್ಣು, ಇವೆಲ್ಲ ಅವರ ಕೈಗುಣ. ಮೊದಲ ಭಾಗ ೨೦೦೬ರ ಅಕ್ಟೋಬರಿನಲ್ಲಿ ಮೊದಲಾಗಿ ೨೦೦೭ರ ಜುಲೈಯಲ್ಲಿ ಮುಗಿಯಿತು. ಎರಡನೆಯದು ೨೦೦೮ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ನಡೆಯಿತು. ನನ್ನ ವಿದ್ಯಾರ್ಥಿನಿ ಆಗ ಅಕ್ಷರಾಭ್ಯಾಸವನ್ನಾದರೂ ಮಾಡಿದ್ದಳೋ ಇಲ್ಲವೋ! ಅವಳ ವಯಸ್ಸಿನವರನ್ನು ಅದು ಇಂದಿಗೂ ಹಿಡಿದಿಟ್ಟಿದೆ ಎಂದರೆ ಅದರಲ್ಲಿ ಏನೋ ಇರಲೇಬೇಕು.

ಕಥೆಯ ಲೋಕ ನಮ್ಮ ಲೋಕವಲ್ಲ; ಆದರೆ ನಮಗೆ ತೀರ ಅಪರಿಚಿತವೂ ಅಲ್ಲ. ಅಮೆರಿಕದ ನೆಲದಲ್ಲಿ ಬೇರೂರಿದ ಬ್ರಿಟಾನಿಯಾ ಎಂಬ ಸಾಮ್ರಾಜ್ಯ ಭೂಮಿಯ ಮೂರನೆಯ ಒಂದು ಭಾಗವನ್ನು ನುಂಗಿದೆ. ಆ ಲೋಕದ ಶಕೆಯ ೨೦೧೦ನೆಯ ಆಗಸ್ಟಿನಲ್ಲಿ ಅದು ಜಪಾನಿನ ಮೇಲೆ ಬಿದ್ದು ಗೆಲ್ಲುತ್ತದೆ. ಗೆದ್ದವರು ಮೊದಲು ಕಿತ್ತುಕೊಳ್ಳುವುದು ಹೆಸರನ್ನು. ಜಪಾನ್ ಇನ್ನು ಜಪಾನ್ ಅಲ್ಲ, ‘ಏರಿಯಾ ಹನ್ನೊಂದು’. ಅಲ್ಲಿನ ಜನ ಜಪಾನೀಯರಲ್ಲ, ‘ಹನ್ನೊಂದರವರು’. ಸಾಮ್ರಾಜ್ಯಕ್ಕೆ ನಿಷ್ಠೆ ತೋರಿ ದಾಖಲೆ ಮಾಡಿಸಿಕೊಂಡವರಿಗೆ ‘ಗೌರವ ಬ್ರಿಟಾನಿಯನ್ನರು’ ಎಂಬ ಬಿರುದು. ರಾವ್ ಬಹದ್ದೂರರ ಕಾಲವನ್ನು ಹಿರಿಯರ ಬಾಯಿಂದ ಕೇಳಿ ಬೆಳೆದ ನಮ್ಮಂಥವರಿಗೆ ಈ ಬಿರುದಿನ ಬೆಲೆಯೇನೆಂದು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಕೊರಿಯಾವನ್ನು ೧೯೧೦ರ ಆಗಸ್ಟಿನಲ್ಲಿ ತನ್ನ ರಾಜ್ಯಕ್ಕೆ ಸೇರಿಸಿಕೊಂಡು, ೧೯೪೦ರಲ್ಲಿ ಅಲ್ಲಿಯ ಜನ ಜಪಾನೀ ಹೆಸರುಗಳನ್ನು ಇಟ್ಟುಕೊಳ್ಳಬೇಕೆಂದು ಒತ್ತಾಯ ಹೇರಿದ್ದು ಇದೇ ಜಪಾನ್. ೧೯೪೫ರಲ್ಲಿ ಸೋತು, ೧೯೫೨ರವರೆಗೆ ಪರಕೀಯ ಸೈನ್ಯದ ಆಡಳಿತವನ್ನು ಕಂಡದ್ದೂ ಅದೇ. ಹೆಸರು ಕಸಿದವರೇ ಹೆಸರು ಕಳೆದುಕೊಂಡವರ ಪಾತ್ರದಲ್ಲಿ ತಮ್ಮನ್ನು ಊಹಿಸಿಕೊಳ್ಳುವುದನ್ನು ನೋಡುವಾಗ ಮನಸ್ಸು ಸ್ವಲ್ಪ ಮುಜುಗರಪಡುತ್ತದೆ. ಕೊರಿಯಾದ ಮಾತನ್ನು ಸರಣಿ ಎತ್ತುವುದಿಲ್ಲ. ಇದು ಅದರ ದೊಡ್ಡ ಕೊರತೆಯೆಂದೇ ನನ್ನ ಎಣಿಕೆ. ಆದರೂ ಈ ದಂಗೆಯ ನಾಯಕತ್ವವನ್ನು ಅದು ಜಪಾನಿನ ಮಗನಿಗೆ ಕಟ್ಟಲಿಲ್ಲ ಎಂಬುದನ್ನು ಗಮನಿಸಬೇಕು. ಲೆಲೂಶ್ ಆಳುವ ಜನಾಂಗದವನು. ಬ್ರಿಟಾನಿಯಾದ ಚಕ್ರವರ್ತಿಗೆ ಹುಟ್ಟಿ, ತಾಯಿ ಕೊಲೆಯಾದ ಮೇಲೆ ತಂದೆಯಿಂದ ಹೊರದೂಡಲ್ಪಟ್ಟ ರಾಜಕುಮಾರ. ಆ ಕೊಲೆಯ ದಿನ ಕಣ್ಣೂ ಕಾಲೂ ಕಳೆದುಕೊಂಡ ತಂಗಿ ನನಲಿಯೊಬ್ಬಳೇ ಅವನ ಪಾಲಿನ ಲೋಕ. ದಂಗೆ ಅವಳಿಗಾಗಿ, ಸೇಡಿಗಾಗಿ. ಜಪಾನಿನ ಬಿಡುಗಡೆ ದಾರಿಯಲ್ಲಿ ಸಿಕ್ಕ ಉಪಾಯ. ಇಂಥವನ ಹಿಂದೆ ಜನ ನಂಬಿ ನಡೆಯುತ್ತಾರೆ.

ಶಿಂಜುಕುವಿನ ಪಾಳು ಬಿದ್ದ ಬೀದಿಗಳಲ್ಲಿ, ಸಿ.ಸಿ. ಎಂಬ ಸಾವಿಲ್ಲದ ಹೆಣ್ಣೊಬ್ಬಳಿಂದ ಅವನಿಗೆ ‘ಗಿಯಸ್’ ಎಂಬ ಶಕ್ತಿ ದೊರೆಯುತ್ತದೆ. ಎದುರಿನವರ ಕಣ್ಣನ್ನು ನೋಡಿ ಆಜ್ಞಾಪಿಸಿದರೆ ಸಾಕು, ಅವರು ಪಾಲಿಸಲೇಬೇಕು. ಆದರೆ ಒಬ್ಬರ ಮೇಲೆ ಒಂದೇ ಸಲ. ಈ ‘ಒಂದೇ ಸಲ’ ಎಂಬ ಕಟ್ಟಳೆಯಲ್ಲಿದೆ ಕಥೆಗಾರನ ಜಾಣತನ. ವರವನ್ನು ಎಣಿಸಿ ಎಣಿಸಿ ಖರ್ಚು ಮಾಡಬೇಕಾದ ಕಾರಣ ನಾಯಕ ಯೋಚಿಸಲೇಬೇಕು, ಹೊಂಚಲೇಬೇಕು. ನೋಡುವವರೂ ಅವನೊಡನೆ ಲೆಕ್ಕ ಹಾಕಲೇಬೇಕು. ಅವನ ಎರಡು ಬಾಳುಗಳನ್ನೂ ಬಲ್ಲವರು ಕಥೆಯೊಳಗೆ ಬಹು ಕಾಲ ಸಿ.ಸಿ. ಒಬ್ಬಳೇ, ಕಥೆಯ ಹೊರಗೆ ನಾವು. ಹೀಗೆ ಮೊದಲ ರಾತ್ರಿಯಲ್ಲಿಯೇ ನಾವು ಅವನ ಪಿತೂರಿಯಲ್ಲಿ ಪಾಲುದಾರರಾಗುತ್ತೇವೆ. ಎಳೆಯರನ್ನು ಈ ಸರಣಿ ಸೆಳೆಯುವುದು ಇಲ್ಲಿ. ಮಾತಿಗೆ ಬೆಲೆಯಿಲ್ಲದ ವಯಸ್ಸಿನಲ್ಲಿ, ಆಡಿದ ಮಾತು ಆಜ್ಞೆಯಾಗುವ ಕನಸನ್ನು ಯಾರು ಕಂಡಿಲ್ಲ?

ಇನ್ನು ಯಂತ್ರಗಳ ಮಾತು. ಮನುಷ್ಯಾಕೃತಿಯ ದೊಡ್ಡ ಯಂತ್ರಗಳ ಕಥೆಗೆ ಜಪಾನಿನಲ್ಲಿ ‘ಮೆಕಾ’ ಎಂದು ಹೆಸರು. ಅದಕ್ಕೊಂದು ವಂಶಾವಳಿಯೇ ಇದೆ. ಮಿತ್ಸುತೆರು ಯೊಕೊಯಾಮ ೧೯೫೬ರಲ್ಲಿ ಬರೆಯತೊಡಗಿದ ಚಿತ್ರಕಥೆಯಲ್ಲಿ, ಯುದ್ಧಕ್ಕೆಂದು ಮಾಡಿದ ಕಬ್ಬಿಣದ ದೈತ್ಯನನ್ನು ಒಬ್ಬ ಬಾಲಕ ದೂರದಿಂದ ನಡೆಸುತ್ತಾನೆ. ೧೯೭೨ರ ‘ಮಝಿಂಗರ್ ಝಡ್’ನಲ್ಲಿ ನಾಯಕ ಯಂತ್ರದೊಳಗೇ ಹೊಕ್ಕು ಕುಳಿತ. ೧೯೭೯ರಲ್ಲಿ ಯೊಶಿಯುಕಿ ತೊಮಿನೊ ತಂದ ‘ಗುಂಡಂ’ನಲ್ಲಿ ದೈತ್ಯ ದೇವತ್ವವನ್ನು ಕಳೆದುಕೊಂಡು ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುವ ಆಯುಧವಾದ, ವೈರಿಯ ಕಡೆಯವರೂ ಮನುಷ್ಯರಾದರು. ಕೋಡ್ ಗಿಯಸ್ ಈ ಗುಂಡಂನ ಒಕ್ಕಲು. ಇದರ ಯಂತ್ರಗಳಿಗೆ ‘ನೈಟ್‌ಮೇರ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಮೊದಲಿಗೊಂದು ಅಕ್ಷರವನ್ನು ಹೆಚ್ಚಿಗೆ ಸೇರಿಸಿ, ಅಶ್ವಾರೋಹಿ ವೀರನನ್ನೂ ದುಃಸ್ವಪ್ನವನ್ನೂ ಒಂದೇ ಪದದಲ್ಲಿ ಕಟ್ಟಿದ್ದಾರೆ. ಗುಂಡಂ ೧೮ ಮೀಟರ್ ಎತ್ತರದ ದೈತ್ಯನಾದರೆ ಇವು ನಾಲ್ಕೈದು ಮೀಟರ್ ಮಾತ್ರ. ಕಾಲಿಗೆ ಗಾಲಿ ಕಟ್ಟಿಕೊಂಡು ಬೀದಿಯ ತಿರುವುಗಳಲ್ಲಿ ಜಾರಿಕೊಂಡು ಓಡುತ್ತವೆ. ಲೆಲೂಶ್ ಯಂತ್ರ ನಡೆಸುವುದರಲ್ಲಿ ಅಂಥ ಗಟ್ಟಿಗನೇನೂ ಅಲ್ಲ. ಅವನು ಚದುರಂಗದ ಆಟಗಾರ. ಶಿಂಜುಕುವಿನ ಮೊದಲ ಕಾಳಗದಲ್ಲಿ ಹರಕು ಮುರುಕು ದಂಗೆಕೋರರನ್ನು ಧ್ವನಿಯೊಂದರಿಂದಲೇ ನಡೆಸಿ, ಕಾಯಿಗಳಂತೆ ಸರಿಸಿ, ಸಾಮ್ರಾಜ್ಯದ ಪಡೆಯನ್ನು ನೆಲಕ್ಕೆ ಕೆಡವುತ್ತಾನೆ. ಕೆಡವಿ ನಗುತ್ತಿರುವಾಗಲೇ ‘ಲ್ಯಾನ್ಸೆಲಾಟ್’ ಎಂಬ ಒಂದೇ ಒಂದು ಬಿಳಿಯ ಯಂತ್ರ ಬಂದು ಅವನ ಹಲಗೆಯನ್ನೇ ಮಗುಚಿಹಾಕುತ್ತದೆ. ಅದರೊಳಗೆ ಕುಳಿತವನು ಅವನ ಬಾಲ್ಯದ ಗೆಳೆಯ ಸುಜಾಕು.

ಇಷ್ಟೇ ಆಗಿದ್ದರೆ ಒಳ್ಳೆಯ ಯುದ್ಧಕಥೆ ಎನ್ನಬಹುದಿತ್ತು. ಮೊದಲ ಎರಡು ರಾತ್ರಿ ನನ್ನನ್ನು ಕೆಣಕಿದ್ದು ಬೇರೊಂದು ಸಂಗತಿ: ಇದು ಯಾವ ಜಾತಿಯ ಕಥೆಯೆಂದೇ ನಿರ್ಧಾರವಾಗದು. ಒಂದು ಕಂತಿನಲ್ಲಿ ಸಾಮೂಹಿಕ ಹತ್ಯೆ. ಮತ್ತೊಂದರಲ್ಲಿ ಬೆಕ್ಕೊಂದು ಝೀರೋವಿನ ಮುಖವಾಡವನ್ನೇ ತಲೆಗೆ ಸಿಕ್ಕಿಸಿಕೊಂಡು ಶಾಲೆಯ ಅಂಗಳದಲ್ಲೆಲ್ಲ ಓಡುತ್ತದೆ, ಇಡೀ ಶಾಲೆ ಅದರ ಬೆನ್ನಟ್ಟುತ್ತದೆ. ರಾಜಕೀಯ ತಂತ್ರ, ಹುಡುಗ ಹುಡುಗಿಯರ ಒಲವು, ಮಂತ್ರಶಕ್ತಿ, ಯಂತ್ರಯುದ್ಧ, ಶಾಲೆಯ ಕೀಟಲೆ, ಎಲ್ಲವೂ ಒಂದೇ ಪಾತ್ರೆಯಲ್ಲಿ. ಹಾಸ್ಯ ಕರುಣಗಳು ಪರಸ್ಪರ ವಿರೋಧಿ ರಸಗಳೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಇದು ರಸಭಂಗವಲ್ಲದೆ ಮತ್ತೇನು ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಹಾಗೆ ಬರೆದದ್ದನ್ನು ಹೊಡೆದುಹಾಕುವಂತೆ ಮಾಡಿದ್ದು ಶರ್ಲಿ ಎಂಬ ಹುಡುಗಿ.

ಶರ್ಲಿ ಲೆಲೂಶನ ಸಹಪಾಠಿ, ಅವನನ್ನು ಒಲಿದವಳು. ಅವಳು ಶಾಲೆಯ ಕಥೆಗೆ ಸೇರಿದವಳು. ಯುದ್ಧದ ಕಥೆಗೂ ಅವಳಿಗೂ ಸಂಬಂಧವಿಲ್ಲ. ನಾರಿತಾ ಬೆಟ್ಟದ ಕಾಳಗದಲ್ಲಿ ಝೀರೋ ಭೂಮಿಯನ್ನೇ ಆಯುಧ ಮಾಡಿಕೊಂಡು, ಬೆಟ್ಟದ ಮಗ್ಗುಲನ್ನು ಕುಸಿಸಿ ಶತ್ರುಸೈನ್ಯದ ಮೇಲೆ ಕೆಡವುತ್ತಾನೆ. ನೋಡುತ್ತಿದ್ದ ನಾನು ಭಲೆ ಎಂದೆ. ಆ ಮಣ್ಣು ಬೆಟ್ಟದ ತಪ್ಪಲಿನಲ್ಲಿದ್ದ ಊರಿನವರೆಗೂ ಇಳಿಯುತ್ತದೆ. ಅದರಡಿಯಲ್ಲಿ ಸಿಕ್ಕು ಸತ್ತವರಲ್ಲಿ ಶರ್ಲಿಯ ತಂದೆಯೂ ಒಬ್ಬ. ಮಳೆಯಲ್ಲಿ ನೆನೆದು ನಿಂತ ಹುಡುಗಿ ಸಮಾಧಾನಕ್ಕಾಗಿ ಬಂದು ಆತುಕೊಳ್ಳುವುದು ಲೆಲೂಶನನ್ನೇ. ಕೊನೆಗೆ, ಅವನೇ ಝೀರೋ ಎಂದು ತಿಳಿದು ನುಚ್ಚುನೂರಾದ ಅವಳ ಮೇಲೆ ಗಿಯಸನ್ನು ಪ್ರಯೋಗಿಸಿ, ತನ್ನ ನೆನಪನ್ನೇ ಅವಳ ಮನಸ್ಸಿನಿಂದ ಅಳಿಸುತ್ತಾನೆ. ಒಂದು ಕಥೆಯಲ್ಲಿ ಬಿಟ್ಟ ಬಾಣ ಇನ್ನೊಂದು ಕಥೆಯಲ್ಲಿ ನೆಟ್ಟಿತು. ನನ್ನ ಬಾಯಿಂದ ಬಂದ ‘ಭಲೆ’ಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಅಂದಿನಿಂದ ಹಾಸ್ಯದ ಕಂತು ಬಂದಾಗಲೆಲ್ಲ ನನಗೆ ಭಯವಾಗತೊಡಗಿತು. ಮೊದಲ ಭಾಗದ ೨೧ನೆಯ ಕಂತು ಶಾಲೆಯ ಉತ್ಸವ. ಹಳೆಯ ಯುದ್ಧಯಂತ್ರವೊಂದನ್ನು ಹಿಟ್ಟು ತಟ್ಟಲು ನಿಲ್ಲಿಸಿದ್ದಾರೆ. ಲೋಕದಲ್ಲೆಲ್ಲ ದೊಡ್ಡದಾದ ಪಿಜ್ಜಾ ತಯಾರಿಸುವ ಹವಣು. (ಪಿಜ್ಜಾ ಹಟ್ ಈ ಸರಣಿಯ ಪ್ರಾಯೋಜಕರಲ್ಲೊಂದು. ಸಾವಿಲ್ಲದ ಸಿ.ಸಿ. ಹೊತ್ತು ಹೊತ್ತಿಗೂ ಪಿಜ್ಜಾ ತಿನ್ನುವ ಗುಟ್ಟು ಅದೇ!) ಆ ಗದ್ದಲದ ನಡುವೆ ಬಂದ ರಾಜಕುಮಾರಿ ಯೂಫೆಮಿಯಾ, ಲೆಲೂಶನ ಮಲತಂಗಿ, ಫ್ಯೂಜಿ ಪರ್ವತದ ಬಳಿ ಜಪಾನೀಯರಿಗೆ ಅವರ ಹೆಸರನ್ನು ಹಿಂತಿರುಗಿಸುವ ವಿಶೇಷ ಪ್ರದೇಶವೊಂದನ್ನು ಸ್ಥಾಪಿಸುವುದಾಗಿ ಸಾರುತ್ತಾಳೆ. ಕಪಟವಿಲ್ಲದ ಹುಡುಗಿ. ನನಲಿಗೂ ಲೆಲೂಶನಿಗೂ ತೊಂದರೆಯಾಗದಿರಲೆಂದು ತನ್ನ ರಾಜ್ಯಾಧಿಕಾರವನ್ನೇ ಬಿಟ್ಟುಕೊಟ್ಟಿದ್ದಾಳೆ. ಅವಳ ಯೋಜನೆಯನ್ನು ಕೆಡಿಸಲೆಂದು ಹೋದ ಲೆಲೂಶ್ ಮುಂದಿನ ಕಂತಿನಲ್ಲಿ ಅವಳೆದುರು ಸೋತು, ಕೈಜೋಡಿಸಲು ಒಪ್ಪುತ್ತಾನೆ. ಇಬ್ಬರೂ ಅಣ್ಣತಂಗಿಯರಾಗಿ ನಗುತ್ತಾರೆ. ಆ ನಗೆಯ ಭರದಲ್ಲಿ ತನ್ನ ಶಕ್ತಿ ಎಂಥದೆಂದು ಅವಳಿಗೆ ವಿವರಿಸುತ್ತ ಅವನೊಂದು ಉದಾಹರಣೆ ಕೊಡುತ್ತಾನೆ: ಜಪಾನೀಯರನ್ನೆಲ್ಲ ಕೊಲ್ಲು ಎಂದು ನಾನು ಹೇಳಿದರೆ ನೀನು ಒಲ್ಲೆನೆನ್ನಲಾರೆ ಎಂಬ ಅರ್ಥದ ಮಾತು. ತಮಾಷೆಯ ಮಾತು. ಅದೇ ಕ್ಷಣದಲ್ಲಿ ಗಿಯಸ್ ಅವನ ಹತೋಟಿ ತಪ್ಪಿದೆ. ಇನ್ನು ಅದನ್ನು ನಂದಿಸಲು ಅವನಿಂದಾಗದು. ಹುಡುಗಿ ಒಂದು ಗಳಿಗೆ ತಡೆಯಲು ನೋಡಿ, ನಡುಗಿ, ಬಂದೂಕು ಹಿಡಿದು, ತನ್ನನ್ನು ನಂಬಿ ನೆರೆದ ಸಾವಿರಾರು ಜನರ ಕಡೆಗೆ ಓಡುತ್ತಾಳೆ.

ನಾನು ಯಂತ್ರವನ್ನು ನಿಲ್ಲಿಸಿ ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತೆ. ಹಾಸ್ಯದಲ್ಲಿ ಹುಟ್ಟಿದ ವಾಕ್ಯವೊಂದು ಒಂದು ಅಕ್ಷರವೂ ಬದಲಾಗದೆ ಬೀಭತ್ಸದಲ್ಲಿ ಹೋಗಿ ಬಿದ್ದುದನ್ನು ಹಿಂದೆ ಎಲ್ಲಿಯಾದರೂ ಕಂಡಿದ್ದೇನೆಯೇ ಎಂದು ನೆನೆದುಕೊಂಡೆ. ಮ್ಯಾಕ್‌ಬೆತ್‌ನಲ್ಲಿ ಡಂಕನ್ನನ ಕೊಲೆಯಾದ ಮೇಲೆ ಕುಡಿದ ಬಾಗಿಲುಕಾವಲಿನವನು ಬಂದು ತಮಾಷೆ ಮಾಡುತ್ತಾನೆ. ಅಲ್ಲಿ ಹಾಸ್ಯವೂ ಭಯಾನಕವೂ ಅಕ್ಕಪಕ್ಕದಲ್ಲಿ ನಿಂತಿವೆ, ಒಂದನ್ನೊಂದು ಗಾಢಗೊಳಿಸುತ್ತವೆ. ಇಲ್ಲಿ ಹಾಸ್ಯವೇ ಕೊಲೆಗಾರ. ಹಲವು ಜಾತಿಯ ಕಥೆಗಳನ್ನು ಬೆರೆಸಿದ್ದಾರೆಂದು ನಾನು ಮೊದಲು ಮೂಗು ಮುರಿದಿದ್ದೆನಷ್ಟೆ. ಆ ಬೆರಕೆಯಿಲ್ಲದೆ ಈ ಗಳಿಗೆ ಹುಟ್ಟುವ ಹಾಗೇ ಇಲ್ಲ. ಎರಡು ಬಾಳು ಬಾಳುವವನಿಗೆ ಎರಡು ಭಾಷೆಗಳಿರುತ್ತವೆ. ಅಂಗಳದ ಸಲಿಗೆಯ ಮಾತು ಒಂದು ದಿನ ರಣರಂಗದ ಆಜ್ಞೆಯಾಗಿ ಕೇಳಿಸುವ ಅಪಾಯ ಅವನಿಗೆ ಎಂದೆಂದೂ ಇದ್ದದ್ದೇ. ಮತ್ತೂ ಕ್ರೂರವಾದದ್ದು ಮುಂದಿನದು. ಅವಳನ್ನು ತಡೆಯಲು ಬೇರೆ ದಾರಿಯಿಲ್ಲದೆ ಅವನೇ ಅವಳನ್ನು ಗುಂಡಿಟ್ಟು ಕೊಲ್ಲುತ್ತಾನೆ. ಕೊಂದು, ಆ ಹತ್ಯಾಕಾಂಡವನ್ನೇ ತನ್ನ ದಂಗೆಗೆ ಬತ್ತಿಯಾಗಿ ಬಳಸುತ್ತಾನೆ. ಜನ ಅವನಿಗೆ ಜಯಕಾರ ಹಾಕುತ್ತಾರೆ. ಏನು ನಡೆಯಿತೆಂದು ಬಲ್ಲವರಲ್ಲಿ ನಾವೂ ಸೇರಿದ್ದೇವೆ.

ಸುಜಾಕುವಿನ ವಿಷಯವಾಗಿ ನನ್ನ ವಿದ್ಯಾರ್ಥಿನಿಗೂ ನನಗೂ ಇನ್ನೂ ಒಮ್ಮತವಾಗಿಲ್ಲ. ಅವನು ಜಪಾನಿನ ಕೊನೆಯ ಪ್ರಧಾನಿಯ ಮಗ. ಗೌರವ ಬ್ರಿಟಾನಿಯನ್ ಆಗಿ ವೈರಿಯ ಸೈನ್ಯ ಸೇರಿದ್ದಾನೆ. ತಪ್ಪು ದಾರಿಯಿಂದ ಪಡೆದ ಫಲಕ್ಕೆ ಬೆಲೆಯಿಲ್ಲ, ಒಳಗಿದ್ದುಕೊಂಡೇ ಸಾಮ್ರಾಜ್ಯವನ್ನು ತಿದ್ದಬೇಕು ಎಂಬುದು ಅವನ ನಿಲುವು. ೧೯೦೭ರ ಸೂರತ್ತಿನ ಕಾಂಗ್ರೆಸ್ಸಿನಲ್ಲಿ ಮಂದಗಾಮಿಗಳೂ ತೀವ್ರಗಾಮಿಗಳೂ ಬೇರೆಯಾದ ಚರಿತ್ರೆಯನ್ನು ಓದಿದವರಿಗೆ ಈ ಜಗಳ ಹೊಸದಲ್ಲ. ಹುಡುಗಿ ಅವನನ್ನು ದ್ರೋಹಿಯೆಂದು ಬರೆದಿದ್ದಳು. ನನಗೆ ಹಾಗೆ ತೋರುವುದಿಲ್ಲ. ಕೊನೆಯ ಮನುಷ್ಯನವರೆಗೂ ಹೋರಾಡಬೇಕೆಂದ ತಂದೆಯನ್ನು ಹತ್ತು ವರ್ಷದ ಬಾಲಕನಾಗಿದ್ದಾಗ ತನ್ನ ಕೈಯಿಂದಲೇ ಕೊಂದವನು ಅವನು. ನಿಯಮಕ್ಕೆ ಅವನು ಅಷ್ಟು ಬಲವಾಗಿ ಅಂಟಿಕೊಳ್ಳುವುದು ತತ್ತ್ವದಿಂದಲ್ಲ, ತನ್ನ ಕೈಗಳ ಭಯದಿಂದ.

ದಂಗೆಯ ಪಾಳೆಯದಲ್ಲಿ ಕ್ಯಾಲೆನ್ ಎಂಬವಳಿದ್ದಾಳೆ. ತಂದೆ ಬ್ರಿಟಾನಿಯಾದ ಶ್ರೀಮಂತ, ತಾಯಿ ಜಪಾನಿನವಳು. ಆ ತಾಯಿ ಅದೇ ಮನೆಯಲ್ಲಿ ಕೆಲಸದವಳಾಗಿ ಉಳಿದಿದ್ದಾಳೆ. ಹಳೆಯ ಗಂಡಿಗೆ ಜೋತುಬಿದ್ದ ಹೇಡಿ ಎಂದು ಮಗಳಿಗೆ ಅವಳ ಮೇಲೆ ತಿರಸ್ಕಾರ. ಕಳೆದುಹೋದ ಜಪಾನಿನ ದಿನಗಳನ್ನು ಕಣ್ಣೆದುರಿಗೆ ತರುವ ಮಾದಕ ವಸ್ತುವೊಂದನ್ನು ಸೋತ ಜನ ಕದ್ದು ಸೇವಿಸುತ್ತಿರುತ್ತಾರೆ. ಅದರ ಗೋದಾಮಿಗೆ ದಾಳಿಯಿಟ್ಟ ಕ್ಯಾಲೆನ್ ಅಲ್ಲಿ ತನ್ನ ತಾಯಿಯನ್ನೇ ಕಾಣುತ್ತಾಳೆ. ಅವಳು ಆ ಮನೆಯಲ್ಲಿ ಉಳಿದದ್ದು ಮಗಳ ಹತ್ತಿರ ಇರಲೆಂದು, ಅಷ್ಟಕ್ಕೇ. ದೊಡ್ಡ ಕಾಳಗಗಳನ್ನೆಲ್ಲ ಮರೆತರೂ ಈ ಒಂದು ಕಂತನ್ನು ನಾನು ಮರೆಯಲಾರೆ.

ದೋಷಗಳಿಲ್ಲವೆ? ಬೇಕಾದಷ್ಟಿವೆ. ಎರಡನೆಯ ಭಾಗ ಕಾಲಿಗೆ ಬೆಂಕಿ ಹತ್ತಿದವರಂತೆ ಓಡುತ್ತದೆ. ನಿನ್ನೆಯ ಶತ್ರು ಇಂದು ಮಿತ್ರನಾಗಲು ಒಂದು ಕಂತೂ ಬೇಕಾಗಿಲ್ಲ. ಚಕ್ರವರ್ತಿಯ ಗೂಢ ಯೋಜನೆಯಲ್ಲಿ ಮನುಷ್ಯಕುಲದ ಮನಸ್ಸುಗಳನ್ನೆಲ್ಲ ಒಂದು ಮಾಡುವ ವೇದಾಂತವೊಂದು ಬರುತ್ತದೆ. ಅದು ತಿಳಿಯಾಗುವ ಮೊದಲೇ ಕೈಬಿಟ್ಟುಹೋಗುತ್ತದೆ. ಹುಡುಗಿಯರ ಮೈಯನ್ನು ಕ್ಯಾಮೆರಾ ನೋಡುವ ರೀತಿ ಹಲವೆಡೆ ಅಸಹ್ಯವಾಗಿದೆ. ೨೦೧೯ರಲ್ಲಿ ತೆರೆಗೆ ಬಂದ ಚಲನಚಿತ್ರದಲ್ಲಿ, ಸ್ವಲ್ಪ ಬದಲಾದ ಕಥೆಯ ಎಳೆಯಿಂದ, ಸತ್ತ ನಾಯಕನನ್ನು ಬದುಕಿಸಿದ್ದಾರೆ. ವ್ಯಾಪಾರಕ್ಕೆ ಒಳ್ಳೆಯದಾಯಿತೇನೋ, ನಾನದನ್ನು ಎಣಿಕೆಗೆ ತೆಗೆದುಕೊಂಡಿಲ್ಲ.

ಏಕೆಂದರೆ ಆ ಸಾವು ಹಾಗೆ ಬಿಟ್ಟುಕೊಡುವಂಥದಲ್ಲ. ಎರಡನೆಯ ಭಾಗದ ನಡುವೆ ಒಂದು ಪ್ರಸಂಗವಿದೆ. ಝೀರೋವನ್ನು ಗಡೀಪಾರು ಮಾಡಲು ಸಾಮ್ರಾಜ್ಯ ಒಪ್ಪಿದ ದಿನ, ಹತ್ತು ಲಕ್ಷ ಜಪಾನೀಯರು ಒಬ್ಬೊಬ್ಬರೂ ಝೀರೋವಿನ ಉಡುಪನ್ನೂ ಮುಖವಾಡವನ್ನೂ ತೊಟ್ಟು ನಿಲ್ಲುತ್ತಾರೆ. ಗಡೀಪಾರಾಗಬೇಕಾದವರು ಇನ್ನು ಹತ್ತು ಲಕ್ಷ ಮಂದಿ. ನೋಡಲು ಅದೊಂದು ಚತುರ ವಿನೋದ. ಮುಖವಾಡದೊಳಗೆ ಯಾರಿದ್ದರೂ ಅದು ಝೀರೋ ಎಂಬ ಆ ವಿನೋದವೇ ಕೊನೆಯ ಕಂತಿಗೆ ಬೀಜ. ತಾನೇ ಚಕ್ರವರ್ತಿಯಾದ ಲೆಲೂಶ್ ಸಿರಿವಂತಿಕೆಯ ವಂಶಗಳನ್ನು ರದ್ದು ಮಾಡಿ, ಆಮೇಲೆ ಬೇಕೆಂದೇ ಕ್ರೂರಿಯಾಗಿ, ಲೋಕದ ದ್ವೇಷವನ್ನೆಲ್ಲ ತನ್ನೊಬ್ಬನ ಮೇಲೆ ಎಳೆದುಕೊಳ್ಳುತ್ತಾನೆ. ಮರಣದಂಡನೆಗೆ ಗುರಿಯಾದವರನ್ನು ಕಟ್ಟಿ ಮೆರವಣಿಗೆಯಲ್ಲಿ ಒಯ್ಯುವಾಗ ದಾರಿಗೆ ಅಡ್ಡವಾಗಿ ಝೀರೋ ನಿಂತಿದ್ದಾನೆ. ಮುಖವಾಡದೊಳಗೆ, ಸತ್ತನೆಂದು ಲೋಕ ನಂಬಿರುವ ಸುಜಾಕು. ಇದು ಅವರಿಬ್ಬರೂ ಮೊದಲೇ ಮಾಡಿಕೊಂಡ ಒಪ್ಪಂದ. ಕತ್ತಿ ಎದೆಯನ್ನು ತೂರುತ್ತದೆ. ಜಾರಿ ಬಿದ್ದ ಅಣ್ಣನ ಕೈಯನ್ನು, ಆ ಹೊತ್ತಿಗೆ ಕಣ್ಣು ಮರಳಿ ಪಡೆದಿದ್ದ ನನಲಿ ಹಿಡಿದುಕೊಳ್ಳುತ್ತಾಳೆ. ಹಿಡಿದೊಡನೆ ಎಲ್ಲವೂ ಅವಳಿಗೆ ಅರ್ಥವಾಗುತ್ತದೆ. ಸುತ್ತಲೂ ಜನ ಕುಣಿದು ಝೀರೋ, ಝೀರೋ ಎಂದು ಕೂಗುತ್ತಿದ್ದಾರೆ. ಅವಳು ಅಳುತ್ತಿದ್ದಾಳೆ.

ಶಾಲೆ ತೆರೆದ ಮೇಲೆ ಆ ಪ್ರಬಂಧವನ್ನು ಮತ್ತೆ ತರಿಸಿಕೊಂಡು ಓದಿದೆ. ಬರವಣಿಗೆಯಲ್ಲಿ ಕಾಗುಣಿತದ ತಪ್ಪುಗಳು ನಾನು ಮೊದಲು ಎಣಿಸಿದಷ್ಟೇ ಇದ್ದವು. ಕೊನೆಯ ಪುಟದಲ್ಲಿ ಅವಳು ಇದೇ ದೃಶ್ಯವನ್ನು ಹೇಳಿ, ಜನರ ಜಯಘೋಷವೂ ತಂಗಿಯ ಅಳುವೂ ಒಟ್ಟಿಗೆ ಕೇಳಿಸುವ ಆ ಕ್ಷಣದಲ್ಲಿ ನೋಡುವವನ ರಸ ಯಾವುದೆನ್ನಬೇಕು ಎಂದು ಕೇಳಿದ್ದಳು. ಆ ಸಾಲಿನ ಕೆಳಗೆ ನನ್ನ ಕೆಂಪು ಗೆರೆ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಕೆಂಪು ಶಾಯಿ ಅಳಿಸಿದರೆ ಹೋಗುವಂಥದಲ್ಲ. ಆರನ್ನು ಹೊಡೆದು, ಹದಿನಾಲ್ಕು ಎಂದು ಬರೆದು, ತಿದ್ದಿದ್ದಕ್ಕೆ ಸಾಕ್ಷಿಯಾಗಿ ಕೆಳಗೆ ಸಹಿ ಹಾಕಿದೆ. ಹದಿನೈದು ಏಕಿಲ್ಲ ಎಂದು ಅವಳು ಕೇಳಿದಳು. ಸುಜಾಕುವಿಗಾಗಿ ಒಂದು ಕಳೆದಿದ್ದೇನೆ ಎಂದೆ.